ಮುಳುಗದಿದ್ದರೆ ರಕ್ಷಣೆ ಇಲ್ಲವೇ?

ಪ್ರಶ್ನೆ: ನಾನು ಐದು ತಿಂಗಳ ಮಗುವಾಗಿದ್ದಾಗ ಚರ್ಚಿನಲ್ಲಿ ತಲೆಗೆ ನೀರು ಹೊಯ್ದು ದೀಕ್ಷಾಸ್ನಾನ ಕೊಟ್ಟಿದ್ದಾರೆ. ಈಗ ಹೋಗುತ್ತಿರುವ ಸಭೆಯವರು ‘ಅದು ಲೆಕ್ಕಕ್ಕಿಲ್ಲ, ಮುಳುಗಿ ತೆಗೆದುಕೊಂಡರೆ ಮಾತ್ರ ರಕ್ಷಣೆ’ ಅನ್ನುತ್ತಾರೆ. ಮತ್ತೆ ತೆಗೆದುಕೊಳ್ಳಬೇಕೇ? ಇನ್ನೊಂದು ಮಾತು. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಯೇಸುವನ್ನು ನಂಬಿದರು. ದೀಕ್ಷಾಸ್ನಾನಕ್ಕೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರಿಗೆ ರಕ್ಷಣೆ ಇಲ್ಲವೇ?

ಉತ್ತರ: ದೊಡ್ಡಪ್ಪನವರ ವಿಷಯವನ್ನೇ ಮೊದಲು ಹೇಳುತ್ತೇನೆ. ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಅದೇ ಅನ್ನಿಸುತ್ತದೆ.

ನಂಬಿ, ದೀಕ್ಷಾಸ್ನಾನಕ್ಕೆ ಮನಸ್ಸು ಮಾಡಿ, ಅದು ಕೈಗೂಡುವ ಮೊದಲೇ ಕಣ್ಣುಮುಚ್ಚಿದವರನ್ನು ಹಳೆಯ ದೊಡ್ಡ ಸಭೆಗಳಲ್ಲಿ ಒಂದೂ ರಕ್ಷಣೆಯ ಹೊರಗೆ ನಿಲ್ಲಿಸಿಲ್ಲ. ಇದು ನಮ್ಮ ಕಾಲದವರು ಮಾಡಿಕೊಂಡ ಸಡಿಲಿಕೆಯೂ ಅಲ್ಲ. ರೋಮ್ ಸಾಮ್ರಾಟ ಎರಡನೆಯ ವ್ಯಾಲೆಂಟೀನಿಯನ್ 392ರಲ್ಲಿ ಸತ್ತಾಗ ಇದೇ ಪ್ರಶ್ನೆ ಎದ್ದಿತ್ತು. ಅವನು ಇನ್ನೂ ದೀಕ್ಷಾಸ್ನಾನಕ್ಕೆ ಮುಂಚಿನ ಉಪದೇಶ ಕೇಳುವವರ ಸಾಲಿನಲ್ಲಿದ್ದ. ಬಂದು ದೀಕ್ಷಾಸ್ನಾನ ಕೊಡಿ ಎಂದು ಮಿಲಾನಿನ ಬಿಷಪ್ ಆಂಬ್ರೋಸರನ್ನು ಕರೆಸಿಕೊಳ್ಳುತ್ತಿದ್ದಾಗಲೇ ಜೀವ ಹೋಯಿತು. ಅಳುತ್ತಿದ್ದ ಅಕ್ಕತಂಗಿಯರಿಗೆ ಆಂಬ್ರೋಸರು ಕೊಟ್ಟ ಸಮಾಧಾನದ ತಿರುಳು ಇಷ್ಟು: ಬಯಸುವುದು, ಬೇಡುವುದು ಬಿಟ್ಟರೆ ಮನುಷ್ಯನ ಕೈಯಲ್ಲಿ ಇನ್ನೇನಿದೆ? ಅವನು ಬೇಡಿದ, ಆದ್ದರಿಂದ ಪಡೆದ. ಮುಂದೆ ಇದಕ್ಕೆ ‘ಬಯಕೆಯ ದೀಕ್ಷಾಸ್ನಾನ’ ಎಂಬ ಹೆಸರು ನಿಂತಿತು. ದೀಕ್ಷಾಸ್ನಾನ ರಕ್ಷಣೆಗೆ ಅಗತ್ಯ ಎಂದು ತುಂಬ ಬಿಗಿಯಾಗಿ ಹೇಳಿದ್ದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ. ಅದು ಕೂಡ ‘ದೀಕ್ಷಾಸ್ನಾನ ಅಥವಾ ಅದರ ಬಯಕೆ’ ಎಂದೇ ಬರೆದಿದೆ. ಇವತ್ತಿನ ಕಥೋಲಿಕ ಧರ್ಮೋಪದೇಶದ 1257ನೇ ಪರಿಚ್ಛೇದವೂ ಅದೇ ದಾರಿಯಲ್ಲಿದೆ: ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ.

ದೀಕ್ಷಾಸ್ನಾನವಿಲ್ಲದೆಯೇ ಯೇಸುವಿನಿಂದ ಪರದೈಸಿನ ಮಾತು ಪಡೆದ ಶಿಲುಬೆಯ ಮೇಲಿನ ಕಳ್ಳನ ಉದಾಹರಣೆಯನ್ನು (ಲೂಕ 23:43) ಎಲ್ಲರೂ ಕೊಡುತ್ತಾರೆ. ‘ಅವನು ಹಳೆಯ ಒಡಂಬಡಿಕೆಯ ಕಾಲದಲ್ಲಿ ಸತ್ತವನು, ಆಗ ಕ್ರೈಸ್ತ ದೀಕ್ಷಾಸ್ನಾನವೇ ಇರಲಿಲ್ಲ’ ಎಂದು ನಿಮ್ಮ ಸಭೆಯವರು ತಿರುಗಿಸಿ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಹಾಗಾಗಿ ವಾದವನ್ನೆಲ್ಲ ಕಳ್ಳನ ಮೇಲೆ ಹೊರಿಸಬೇಡಿ. ಕೊರ್ನೇಲ್ಯನ ಮನೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ. ಅಲ್ಲಿಗೆ ಆಮೇಲೆ ಬರುತ್ತೇನೆ.

‘ದೀಕ್ಷಾಸ್ನಾನ ಇಲ್ಲದೆ ರಕ್ಷಣೆ ಇದೆಯೇ’ ಎಂಬ ಪ್ರಶ್ನೆ ಹೊಸ ಒಡಂಬಡಿಕೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬರಲು ಅವಕಾಶವೇ ಇರಲಿಲ್ಲ. ಪೆಂತೆಕೊಸ್ತ್ ಹಬ್ಬದ ದಿನ ಪೇತ್ರನ ಮಾತು ಕೇಳಿದವರು ಅದೇ ದಿನ ನೀರಿಗಿಳಿದರು. ಐಥಿಯೋಪ್ಯದ ಅಧಿಕಾರಿ ದಾರಿಯಲ್ಲಿ ನೀರು ಕಂಡದ್ದೇ ತಡ, ರಥ ನಿಲ್ಲಿಸಿದ. ಫಿಲಿಪ್ಪಿಯ ಸೆರೆಮನೆಯ ಯಜಮಾನ ಬೆಳಗಾಗುವವರೆಗೂ ಕಾಯಲಿಲ್ಲ. ನಡುರಾತ್ರಿ ಭೂಕಂಪವಾಗಿ, ಪೌಲ ಸೀಲರ ಗಾಯ ತೊಳೆದು, ಆ ರಾತ್ರಿಯೇ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡ (ಅ. ಕೃತ್ಯಗಳು 16:33). ನಂಬಿಕೆ, ಪಶ್ಚಾತ್ತಾಪ, ನೀರು, ಪವಿತ್ರಾತ್ಮ, ಸಭೆಗೆ ಸೇರುವುದು ಎಲ್ಲ ಒಂದೇ ಉಸಿರಿನಲ್ಲಿ ನಡೆದುಹೋಗುತ್ತಿತ್ತು. ಮದುವೆಯಲ್ಲಿ ಒಪ್ಪಿಗೆ ಯಾವ ಕ್ಷಣದ್ದು, ತಾಳಿ ಯಾವ ಕ್ಷಣದ್ದು, ಗಂಡಹೆಂಡತಿ ಆದದ್ದು ಯಾವಾಗ ಎಂದು ಗಡಿಯಾರ ಹಿಡಿದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಈ ಕಟ್ಟು ಬಿಚ್ಚಿಕೊಂಡದ್ದು ಆಮೇಲೆ. ಉಪದೇಶ ಕೇಳುವ ಅವಧಿ ಬೆಳೆಯಿತು. ಆದಿಸಭೆಯ ನಿಯಮಗ್ರಂಥವೊಂದು ಮೂರು ವರ್ಷ ಹೇಳುತ್ತದೆ. ಆ ಮೂರು ವರ್ಷದಲ್ಲಿ ಹಿಂಸೆ ಬಂದು ಸತ್ತವನ ಗತಿ? ಅವನ ರಕ್ತವೇ ಅವನ ದೀಕ್ಷಾಸ್ನಾನ ಎಂದು ಅದೇ ಗ್ರಂಥ ಉತ್ತರಿಸುತ್ತದೆ. ಇತ್ತ ಇನ್ನೊಂದು ಭಯ ಹುಟ್ಟಿತು. ದೀಕ್ಷಾಸ್ನಾನ ಹಿಂದಿನ ಪಾಪವನ್ನೆಲ್ಲ ತೊಳೆಯುತ್ತದೆ, ಆದ ಮೇಲೆ ಮಾಡುವ ಪಾಪಕ್ಕೇನು ಗತಿ ಎಂದು ಜನ ಸಾವಿನ ಹಾಸಿಗೆಯವರೆಗೆ ಮುಂದೂಡತೊಡಗಿದರು. ಕಾನ್‌ಸ್ಟಂಟೈನ್ ಸಾಮ್ರಾಟ ಸಭೆಯ ಮಹಾಸಭೆಯನ್ನೇ ಕರೆಸಿದವನು. ಅವನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮೊದಲು. ಶಿಶುಗಳ ದೀಕ್ಷಾಸ್ನಾನದಲ್ಲಿ ಅಂತರ ತಿರುಗುಮುರುಗಾಯಿತು, ನೀರು ಮೊದಲು, ಸ್ವಂತ ನಂಬಿಕೆಯ ಅರಿಕೆ ಹತ್ತಾರು ವರ್ಷದ ನಂತರ. ಒಂದೇ ದಿನ ನಡೆಯುತ್ತಿದ್ದುದರ ನಡುವೆ ವರ್ಷಗಳು ಬಂದು ಕೂತವು. ನಿಮ್ಮ ಎರಡೂ ಪ್ರಶ್ನೆ ಆ ಸಂದಿಯಿಂದಲೇ ಹುಟ್ಟಿವೆ.

ಇನ್ನು ವಚನಗಳು. ನಿಮ್ಮ ಸಭೆಯವರು ಮೊದಲು ತೆಗೆಯುವುದು ಮಾರ್ಕ 16:16 ಇರಬೇಕು: ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ರಕ್ಷಣೆ ಹೊಂದುವನು. ಅದೇ ವಚನದ ದ್ವಿತೀಯಾರ್ಧ ಓದಿ. ದಂಡನೆ ಬರುವುದು ನಂಬದವನಿಗೆ. ‘ನಂಬಿದರೂ ದೀಕ್ಷಾಸ್ನಾನ ಇಲ್ಲದವನು’ ಎಂಬ ಮಾತು ಅಲ್ಲಿಲ್ಲ. ಇದಲ್ಲದೆ ಮಾರ್ಕನ ಸುವಾರ್ತೆಯ 16:9ರಿಂದ 20ರವರೆಗಿನ ಭಾಗ 4ನೇ ಶತಮಾನದ ಸಿನಾಯ್ಟಿಕಸ್, ವ್ಯಾಟಿಕಾನಸ್ ಎಂಬ ಎರಡು ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಆ ಒಂದು ವಚನದ ಮೇಲೆ ಯಾರ ರಕ್ಷಣೆಯನ್ನೂ ತೂಗಬಾರದು.

ಗಟ್ಟಿ ವಚನಗಳು ಬೇರೆ ಇವೆ. ಅವನ್ನು ಮುಚ್ಚಿಟ್ಟು ‘ದೀಕ್ಷಾಸ್ನಾನ ಬರೀ ಗುರುತು, ಅಷ್ಟೇ’ ಎನ್ನುವವರೂ ತಪ್ಪುತ್ತಾರೆ. ಪೇತ್ರ ‘ಪಾಪಗಳು ಪರಿಹಾರವಾಗುವದಕ್ಕಾಗಿ’ ಎಂದೇ ಹೇಳುತ್ತಾನೆ (ಅ. ಕೃತ್ಯಗಳು 2:38). ಪೌಲನಿಗೆ ಅನನೀಯ ‘ಎದ್ದು ದೀಕ್ಷಾಸ್ನಾನ ಮಾಡಿಸಿಕೊಂಡು ಪಾಪ ತೊಳೆದುಕೋ’ ಎನ್ನುತ್ತಾನೆ (22:16). ರೋಮಾಪುರದವರಿಗೆ 6:3-4ರಲ್ಲಿ ದೀಕ್ಷಾಸ್ನಾನ ಎಂದರೆ ಕ್ರಿಸ್ತನ ಜೊತೆ ಸತ್ತು ಹೂಣಲ್ಪಟ್ಟು ಹೊಸ ಬಾಳಿಗೆ ಏಳುವುದು. ಪೇತ್ರನ ಮೊದಲ ಪತ್ರಿಕೆ 3:21 ಅಂತೂ ದೀಕ್ಷಾಸ್ನಾನ ನಿಮ್ಮನ್ನು ರಕ್ಷಿಸುತ್ತದೆ ಎಂದು ಬಾಯಿಬಿಟ್ಟು ಹೇಳಿಬಿಡುತ್ತದೆ.

ಆ ಕೊನೆಯ ವಚನದ ಮೇಲೆ ಸ್ವಲ್ಪ ನಿಲ್ಲೋಣ. ಮಾತು ಬಾಯಿಂದ ಹೊರಟ ತಕ್ಷಣ ಪೇತ್ರ ಅದಕ್ಕೆ ಬೇಲಿ ಹಾಕುತ್ತಾನೆ: ಇದು ಮೈಯ ಕೊಳೆ ಹೋಗಲಾಡಿಸುವುದಲ್ಲ, ಒಳ್ಳೆಯ ಮನಸ್ಸಾಕ್ಷಿಗಾಗಿ ದೇವರಿಗೆ ಮಾಡುವ ‘ಎಪೆರೋಟೇಮ’. ಈ ಗ್ರೀಕ್ ಪದಕ್ಕೆ ಬೇಡಿಕೆ ಎಂದೂ ವಾಗ್ದಾನ ಎಂದೂ ಅರ್ಥ ಮಾಡುತ್ತಾರೆ. ಕರಾರುಪತ್ರಗಳಲ್ಲಿ ‘ಒಪ್ಪಿಗೆಯೇ?’ ಎಂದು ಕೇಳಿ ‘ಒಪ್ಪಿಗೆ’ ಎನ್ನಿಸಿಕೊಳ್ಳುವುದಕ್ಕೂ ಇದೇ ಪದವಿತ್ತು. ಅಂದರೆ ರಕ್ಷಿಸುವುದು ನೀರಿನ ಒದ್ದೆಯಲ್ಲ, ನೀರಿನಲ್ಲಿ ನಿಂತು ದೇವರ ಜೊತೆ ಆಗುವ ಆ ಮಾತುಕತೆ. ಅದರ ಬಲವಾದರೂ ‘ಯೇಸು ಕ್ರಿಸ್ತನ ಪುನರುತ್ಥಾನದ ಮೂಲಕ’ ಎಂದು ವಾಕ್ಯ ಮುಗಿಯುತ್ತದೆ. ಕನ್ನಡದ ನಮಗೆ ಇಲ್ಲಿ ಒಂದು ಅನುಕೂಲ, ಒಂದು ಅಪಾಯ. ದೀಕ್ಷೆ, ಸ್ನಾನ ಎರಡೂ ನಮ್ಮ ಪದದಲ್ಲಿಯೇ ಇವೆ. ಕಿವಿಗೆ ಸ್ನಾನ ಮಾತ್ರ ಬಿದ್ದು ದೀಕ್ಷೆ ಜಾರಿಹೋದರೆ ತಕರಾರು ಶುರು.

ನೀರು ತಾನಾಗಿಯೇ ಕೆಲಸ ಮಾಡಿಬಿಡುವುದಿಲ್ಲ ಎಂಬುದಕ್ಕೆ ಮಂತ್ರವಾದಿ ಸೀಮೋನ ಸಾಕ್ಷಿ. ದೀಕ್ಷಾಸ್ನಾನ ಆಗಿತ್ತು. ಆದರೂ ‘ನಿನ್ನ ಹೃದಯ ದೇವರ ಮುಂದೆ ಸರಿಯಾಗಿಲ್ಲ’ ಎನ್ನಿಸಿಕೊಂಡ (8:13-23). ನೀರು ತಡವಾದರೆ ದೇವರು ಕಾಯುತ್ತ ಕೂರುವುದಿಲ್ಲ ಎಂಬುದಕ್ಕೆ ಕೊರ್ನೇಲ್ಯ ಸಾಕ್ಷಿ. ಪೇತ್ರ ಇನ್ನೂ ಮಾತಾಡುತ್ತಿದ್ದಂತೆ ಪವಿತ್ರಾತ್ಮನು ಆ ಮನೆಯವರ ಮೇಲೆ ಇಳಿದನು (10:44). ಹಾಗೆಂದು ಪೇತ್ರ ‘ಆತ್ಮ ಬಂತಲ್ಲ, ಇನ್ನು ನೀರೇಕೆ’ ಎನ್ನಲಿಲ್ಲ. ನೀರನ್ನು ಯಾರಾದರೂ ತಡೆಯಬಹುದೇ ಎಂದು ಕೇಳಿ ಕೂಡಲೇ ಕೊಡಿಸಿದ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮುಕ್ಕಾಲು ಗೊಂದಲ ತೀರುತ್ತದೆ. ಸಿಗದೆ ಹೋದದ್ದು ಬೇರೆ, ಸಿಗುವಾಗ ಬೇಡವೆಂದು ತಳ್ಳಿದ್ದು ಬೇರೆ. ನಿಮ್ಮ ದೊಡ್ಡಪ್ಪ ಮೊದಲನೆಯ ಸಾಲಿನವರು.

ಸಭೆಗಳ ನಿಲುವು ಚುಟುಕಾಗಿ. ಕಥೋಲಿಕರು, ಆರ್ಥೊಡಾಕ್ಸರು: ದೀಕ್ಷಾಸ್ನಾನದಲ್ಲಿ ದೇವರು ನಿಜವಾಗಿಯೇ ಹೊಸ ಜನ್ಮ ಕೊಡುತ್ತಾನೆ, ಶಿಶುವಿಗೂ. ಆರ್ಥೊಡಾಕ್ಸರು ಶಿಶುವನ್ನೂ ಮೂರು ಬಾರಿ ಮುಳುಗಿಸುತ್ತಾರೆ, ಆಗಲೇ ತೈಲಾಭಿಷೇಕ ಮಾಡುತ್ತಾರೆ, ಪ್ರಭುಭೋಜನವನ್ನೂ ಕೊಡುತ್ತಾರೆ. ಲೂಥರ್ 1529ರ ಕಿರು ಧರ್ಮೋಪದೇಶದಲ್ಲಿ ಬರೆದದ್ದು: ಇದು ಬರೀ ನೀರಲ್ಲ, ದೇವರ ವಾಕ್ಯದೊಂದಿಗೆ ಕೂಡಿದ ನೀರು. ಕ್ಯಾಲ್ವಿನರ ಪರಂಪರೆಗೆ ಅದು ಗುರುತು, ಮುದ್ರೆ. 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ಅರಿಕೆ, ದೀಕ್ಷಾಸ್ನಾನವನ್ನು ಅಸಡ್ಡೆ ಮಾಡುವುದು ದೊಡ್ಡ ಪಾಪ, ಆದರೂ ಅದಿಲ್ಲದೆ ಯಾರೂ ರಕ್ಷಣೆ ಹೊಂದಲಾರರು ಎನ್ನುವಷ್ಟು ಎರಡೂ ಅಂಟಿಕೊಂಡಿಲ್ಲ ಎನ್ನುತ್ತದೆ. ಬ್ಯಾಪ್ಟಿಸ್ಟರಿಗೆ ಅದು ಆಗಲೇ ರಕ್ಷಣೆ ಹೊಂದಿದವನ ವಿಧೇಯತೆ, ಬಹಿರಂಗ ಸಾಕ್ಷಿ. ಸಾಲ್ವೇಷನ್ ಆರ್ಮಿ, ಕ್ವೇಕರರು ನೀರಿನ ದೀಕ್ಷಾಸ್ನಾನವನ್ನೇ ನಡೆಸುವುದಿಲ್ಲ.

ಇಲ್ಲೊಂದು ವಿಚಿತ್ರ ಗಮನಿಸಿ. ಮುಳುಗಿಸುವುದನ್ನೇ ಪಟ್ಟಾಗಿ ಹಿಡಿದ ಬ್ಯಾಪ್ಟಿಸ್ಟರು ‘ಮುಳುಗಿದರೆ ಮಾತ್ರ ರಕ್ಷಣೆ’ ಎಂದು ಕಲಿಸುವುದಿಲ್ಲ. ರಕ್ಷಣೆ ನಂಬಿಕೆಯಿಂದ, ನೀರು ಆಮೇಲೆ ಎಂಬುದೇ ಅವರ ಮೂಲ ವಾದ. ನಿಮಗೆ ಹೇಳಿದ ಮಾತು ಬರುವುದು 19ನೇ ಶತಮಾನದ ಅಮೆರಿಕದ ‘ಚರ್ಚ್ ಆಫ್ ಕ್ರೈಸ್ಟ್’ ಧಾರೆಯಿಂದ, ಇಲ್ಲವೇ ‘ಯೇಸುವಿನ ಹೆಸರಿನಲ್ಲಿ ಮಾತ್ರ’ ಎನ್ನುವ ಪೆಂತೆಕೊಸ್ತ್ ಪಂಗಡಗಳಿಂದ. ನಿಮ್ಮ ಸಭೆ ಯಾವ ಬೇರಿನದು ಎಂದು ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಸಭಾಪಾಲಕರು ಈ ಪ್ರಶ್ನೆಗೆ ಮುನಿಯುವುದಿಲ್ಲ.

ನೀರು ಎಷ್ಟಿರಬೇಕು? ದೀಕ್ಷಾಸ್ನಾನಕ್ಕೆ ಹೊಸ ಒಡಂಬಡಿಕೆ ಬಳಸುವ ಗ್ರೀಕಿನ ‘ಬಾಪ್ಟಿಜೋ’ ಪದದ ಮೊದಲ ಅರ್ಥ ಮುಳುಗಿಸು, ಅದ್ದು. ಇದರಲ್ಲಿ ಜಗಳವಿಲ್ಲ. ಆದರೆ ಊಟಕ್ಕೆ ಮುಂಚಿನ ಶುದ್ಧಿಗೂ ಲೂಕ 11:38ರಲ್ಲಿ ಅದೇ ಪದವಿದೆ. ಊಟಕ್ಕೆ ಮೊದಲು ಯಾರೂ ಹೊಳೆಗೆ ಧುಮುಕುವುದಿಲ್ಲ. ‘ದಿದಾಖೆ’ ಎಂಬ ಅತಿ ಹಳೆಯ ಸಭಾ ಕೈಪಿಡಿಯ 7ನೇ ಅಧ್ಯಾಯ ಈ ಚರ್ಚೆಗೆ ನಾನು ಕಂಡಂತೆ ಅತ್ಯುತ್ತಮ ಮದ್ದು. ಹರಿಯುವ ನೀರಿನಲ್ಲಿ ಕೊಡಿ. ಇಲ್ಲದಿದ್ದರೆ ಬೇರೆ ನೀರು. ತಣ್ಣೀರಾಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಬಾರಿ ಹೊಯ್ಯಿರಿ. ಪಡೆಯುವವನು ಒಂದೆರಡು ದಿನ ಮೊದಲು ಉಪವಾಸವಿರಲಿ. ಇಷ್ಟೇ. ಮುಳುಗಿಸುವುದು ಮೇಲು, ಹೊಯ್ಯುವುದೂ ನಡೆಯುತ್ತದೆ ಎಂಬುದು ಅಪೊಸ್ತಲರಿಗೆ ಹತ್ತಿರದ ತಲೆಮಾರಿನ ಅಭಿಪ್ರಾಯ. ಹಾಸಿಗೆ ಹಿಡಿದವರಿಗೆ ನೀರು ಚಿಮುಕಿಸಿ ಕೊಟ್ಟದ್ದೂ ಪೂರ್ಣವೇ ಎಂದು 3ನೇ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನ್ ವಾದಿಸಿದರು.

ಹಾಗಾದರೆ ಕೆಡುವುದು ಎಲ್ಲಿ? ಪ್ರಮಾಣದಲ್ಲಿ ಕೆಡುವುದು ಕಡಿಮೆ, ಮಾತಿನಲ್ಲಿಯೂ ಕೈಯಲ್ಲಿಯೂ ಜಾಸ್ತಿ. ಬೇಕಾದದ್ದು ಮೂರು: ನಿಜವಾದ ನೀರು, ತ್ರಯೇಕ ದೇವರ ಹೆಸರು (ಮತ್ತಾಯ 28:19), ಸಭೆ ಮಾಡುವುದನ್ನೇ ಮಾಡುವ ಉದ್ದೇಶ. ಹೊಳೆ, ಸಮುದ್ರ, ಮಳೆ, ನಲ್ಲಿ, ಯಾವ ನೀರೂ ಆಗುತ್ತದೆ. ಹಾಲು, ಎಣ್ಣೆ ಆಗುವುದಿಲ್ಲ. ಹೊಯ್ಯುವಾಗ ನೀರು ಚರ್ಮದ ಮೇಲೆ ಹರಿಯಬೇಕು. ದಟ್ಟ ಕೂದಲ ತುದಿಗಷ್ಟೇ ತಾಗಿ ಜಾರಿದರೆ, ಒದ್ದೆ ಬೆರಳಲ್ಲಿ ಹಣೆಗೆ ಸವರಿದರೆ ಅನುಮಾನಕ್ಕೆ ಎಡೆ. ಬೊಗಸೆಯಷ್ಟು ನೀರನ್ನು ಹಣೆಯ ಮೇಲಿಂದ ಹಿಂದಕ್ಕೆ ಮೂರು ಬಾರಿ, ಒಂದೊಂದು ಹೆಸರಿಗೆ ಒಂದೊಂದು ಸಲ ಹೊಯ್ದರೆ ಸಾಕು. ಹೊಯ್ಯುವವರೂ ಹೇಳುವವರೂ ಒಬ್ಬರೇ ಆಗಿರಬೇಕು, ಎರಡೂ ಒಟ್ಟಿಗೇ ನಡೆಯಬೇಕು.

ಮಾತಿನ ವಿಷಯ ಕಥೋಲಿಕರಲ್ಲಿ ಎಷ್ಟು ಬಿಗಿ ಎಂದರೆ, ‘ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂಬಲ್ಲಿ ‘ನಾವು’ ಎಂದು ಬದಲಾಯಿಸಿ ಕೊಟ್ಟದ್ದು ಸಿಂಧುವಲ್ಲ ಎಂದು ವ್ಯಾಟಿಕನ್ 2020ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. ಅದನ್ನು ಓದಿ ತನ್ನ ಬಾಲ್ಯದ ವಿಡಿಯೊ ನೋಡಿದ ಅಮೆರಿಕದ ಗುರುವೊಬ್ಬರಿಗೆ ತನ್ನ ದೀಕ್ಷಾಸ್ನಾನವೇ ಆಗಿಲ್ಲ, ಹಾಗಾಗಿ ಗುರುದೀಕ್ಷೆಯೂ ಆಗಿಲ್ಲ ಎಂದು ಗೊತ್ತಾಗಿ, ಎಲ್ಲವನ್ನೂ ಮೊದಲಿಂದ ಪಡೆಯಬೇಕಾಯಿತು. ಒಂದು ಸರ್ವನಾಮಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಪ್ರಾಟೆಸ್ಟೆಂಟ್ ಓದುಗರು ನಗಬಹುದು. ಆದರೆ ಕೊಡುವವನು ಕ್ರಿಸ್ತನೇ, ನೆರೆದ ಜನವಲ್ಲ ಎಂಬುದು ಆ ಹಟದ ಹಿಂದಿನ ಕಾರಣ.

ಮುಳುಗಿಸುವಲ್ಲಿ ತೊಂದರೆ ಬೇರೆ ಬಗೆಯದು. ನೀರು ಸೊಂಟದ ಮಟ್ಟ, ಮೂರು ಮೂರೂವರೆ ಅಡಿ ಇರಲಿ. ಅದಕ್ಕಿಂತ ಕಡಿಮೆಯಾದರೆ ದೊಡ್ಡವರನ್ನು ಪೂರ್ತಿ ಮುಳುಗಿಸಲು ಬಗ್ಗಬೇಕಾಗುತ್ತದೆ, ಬೆನ್ನು ಹಿಡಿಯುತ್ತದೆ. ಪಡೆಯುವವರು ಕೈಗಳನ್ನು ಎದೆಯ ಮೇಲೆ ಇಟ್ಟು, ಒಂದು ಕೈಯಲ್ಲಿ ಕರವಸ್ತ್ರ ಹಿಡಿದು ಮೂಗು ಮುಚ್ಚಿಕೊಳ್ಳಲಿ. ಕೊಡುವವರ ಒಂದು ಕೈ ಬೆನ್ನ ಮೇಲ್ಭಾಗಕ್ಕೆ, ಇನ್ನೊಂದು ಅವರ ಕೈಗಳ ಮೇಲೆ. ಮಂಡಿ ಮಡಚಲು ಮೊದಲೇ ಹೇಳಿಕೊಡಿ. ನೆಟ್ಟಗೆ ನಿಂತೇ ಹಿಂದಕ್ಕೆ ಬೀಳುವವರ ಕಾಲು ತೇಲಿ, ತೂಕವೆಲ್ಲ ಕೊಡುವವರ ಕೈಗೆ ಬರುತ್ತದೆ. ಮಾತು ಮುಗಿದ ಮೇಲೆ ಇಳಿಸಿ, ಒಂದೆರಡು ಸೆಕೆಂಡಿಗೆ ಎತ್ತಿ. ಹರಿಯುವ ಹೊಳೆಯಾದರೆ ತಲೆ ನೀರು ಬರುವ ದಿಕ್ಕಿಗಿರಲಿ, ಮೂಗಿಗೆ ನೀರು ನುಗ್ಗುವುದಿಲ್ಲ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಪಾರದರ್ಶಕ, ಒಳಗೆ ಗಾಢ ಬಣ್ಣದ್ದು ಹಾಕಿಸಿ. ತೊಟ್ಟಿಯಲ್ಲಿ ನಿಂತು ತಂತಿಯ ಮೈಕ್ ಮುಟ್ಟುವುದು ಬೇಡವೇ ಬೇಡ. ಹಾಗೆ ವಿದ್ಯುತ್ ತಗುಲಿ ಸಭಾಪಾಲಕರು ಸತ್ತದ್ದುಂಟು.

ಆಸ್ಪತ್ರೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಸಾವು ಹತ್ತಿರವಿದ್ದು ರೋಗಿ ದೀಕ್ಷಾಸ್ನಾನ ಬಯಸಿದ್ದರೆ ಕಥೋಲಿಕ, ಲೂಥರನ್, ಆಂಗ್ಲಿಕನ್ ಸಭೆಗಳ ಪ್ರಕಾರ ಗುರುಗಳು ಬರುವವರೆಗೆ ಕಾಯಬೇಕಿಲ್ಲ, ಸಾಮಾನ್ಯ ವಿಶ್ವಾಸಿಯೂ ಕೊಡಬಹುದು. ಲೋಟದ ನೀರು ಸಾಕು. ಹೆಸರು ಹಿಡಿದು, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನುತ್ತ ಹಣೆಯ ಮೇಲೆ ಮೂರು ಬಾರಿ ಹೊಯ್ಯುವುದು. ಆಕ್ಸಿಜನ್ ಮಾಸ್ಕ್, ಗಾಯದ ಪಟ್ಟಿ ತಪ್ಪಿಸಿ, ನರ್ಸ್‌ಗೆ ತಿಳಿಸಿ. ಆಮೇಲೆ ದಿನ, ಹೊತ್ತು, ಕೊಟ್ಟವರ ಹೆಸರು, ಸಾಕ್ಷಿಯ ಹೆಸರು ಬರೆದು ಚರ್ಚಿಗೆ ಮುಟ್ಟಿಸಬೇಕು. ಎಂದೂ ಬಯಸದವರಿಗೆ ಪ್ರಜ್ಞೆ ತಪ್ಪಿರುವಾಗ ಗುಟ್ಟಾಗಿ ನೀರು ಹಾಕುವುದು ದೀಕ್ಷೆಯಲ್ಲ, ಅನ್ಯಾಯ.

ಈಗ ನಿಮ್ಮ ವಿಷಯ. ಎಫೆಸದವರಿಗೆ 4:5 ದೀಕ್ಷಾಸ್ನಾನ ಒಂದೇ ಎನ್ನುತ್ತದೆ. 381ರ ವಿಶ್ವಾಸಪ್ರಮಾಣವೂ ಹಾಗೆಯೇ. ಕೊಟ್ಟವನು ಕೆಟ್ಟವನಾದರೂ ಕೊಟ್ಟದ್ದು ಕ್ರಿಸ್ತನದು, ಮತ್ತೆ ಕೊಡಬೇಕಿಲ್ಲ ಎಂದು ಅಗಸ್ಟೀನರು, ಅನರ್ಹರು ಕೊಟ್ಟದ್ದು ಸಲ್ಲದು ಎನ್ನುತ್ತಿದ್ದ ದೊನಾತಿಸ್ಟ್ ಪಂಗಡದ ಜೊತೆಗಿನ ವಾದದಲ್ಲಿ ಸ್ಥಾಪಿಸಿದರು. ಕಥೋಲಿಕ, ಲೂಥರನ್, ಆಂಗ್ಲಿಕನ್, ಮೆಥಡಿಸ್ಟ್, ರಿಫಾರ್ಮ್ಡ್ ಸಭೆಗಳೆಲ್ಲ ನಿಮ್ಮ ಐದನೇ ತಿಂಗಳ ದೀಕ್ಷಾಸ್ನಾನವನ್ನು ಪೂರ್ಣವೆಂದು ಒಪ್ಪುತ್ತವೆ. ಮತ್ತೊಮ್ಮೆ ತೆಗೆದುಕೊಂಡರೆ ಮೊದಲನೆಯದನ್ನು ಸುಳ್ಳು ಎಂದಂತೆ ಎಂಬುದು ಅವರ ನೋವು. ಶಿಶು ದೀಕ್ಷಾಸ್ನಾನಕ್ಕೆ ಹೊಸ ಒಡಂಬಡಿಕೆಯಲ್ಲಿ ಕಡ್ಡಿ ಮುರಿದಂಥ ಆಜ್ಞೆಯಿಲ್ಲ, ನಿಜ. ‘ಮನೆಯವರೆಲ್ಲರಿಗೂ’ ಎಂಬ ಪ್ರಸಂಗಗಳಿವೆ, ಸುನ್ನತಿಯೊಡನೆ ಹೋಲಿಕೆಯಿದೆ (ಕೊಲೊಸ್ಸೆಯವರಿಗೆ 2:11-12). ಸುಮಾರು 200ರ ಹೊತ್ತಿಗೆ ಆದಿಸಭೆಯ ಲೇಖಕ ತೆರ್ತುಲಿಯನ್ ‘ಮಕ್ಕಳಿಗೆ ತಡಮಾಡಿ’ ಎಂದು ಬರೆದದ್ದರಿಂದ ಆಗಲೇ ಅದು ನಡೆಯುತ್ತಿತ್ತು ಎಂದೂ, ಎಲ್ಲರಿಗೂ ಒಪ್ಪಿಗೆ ಇರಲಿಲ್ಲ ಎಂದೂ ಎರಡೂ ತಿಳಿಯುತ್ತದೆ. ಅರಿಕೆ ಇಲ್ಲದ ನೀರು ದೀಕ್ಷಾಸ್ನಾನವೇ ಅಲ್ಲ ಎಂದು 1525ರಲ್ಲಿ ಜ್ಯೂರಿಕ್‌ನಲ್ಲಿ ಹೊಸದಾಗಿ ಪಡೆದವರು ಅದಕ್ಕಾಗಿ ಪ್ರಾಣ ಕೊಟ್ಟವರು. ಅವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ.

ಆದ್ದರಿಂದ ಓದಿ, ಪ್ರಾರ್ಥಿಸಿ, ಶಿಶು ದೀಕ್ಷಾಸ್ನಾನ ಸರಿಯಲ್ಲ ಎಂದು ನಿಮ್ಮ ಮನಸ್ಸಾಕ್ಷಿಯೇ ಹೇಳಿದರೆ ಮುಳುಗಿ ತೆಗೆದುಕೊಳ್ಳಿ. ಅದು ನಿಮ್ಮ ಲೆಕ್ಕದಲ್ಲಿ ಮೊದಲನೆಯದೇ ಆಗುತ್ತದೆ. ಹಳೆಯ ಸಭೆಯ ಸದಸ್ಯತ್ವಕ್ಕೆ ಅದರಿಂದ ತೊಂದರೆಯಾಗಬಹುದು ಎಂಬುದು ಗೊತ್ತಿರಲಿ. ‘ತೆಗೆದುಕೊಳ್ಳದಿದ್ದರೆ ನರಕ’ ಎಂಬ ಭಯಕ್ಕೆ ಮಾತ್ರ ತೆಗೆದುಕೊಳ್ಳಬೇಡಿ. ಹಾಗೆ ಹೋದವರಲ್ಲಿ ಕೆಲವರು ಮೂರನೆಯ ಸಭೆಗೆ ಹೋದಾಗ ‘ಆ ಹೆಸರು ಸರಿಯಿರಲಿಲ್ಲ’ ಎನ್ನಿಸಿಕೊಂಡು ಮತ್ತೆ ನೀರಿಗಿಳಿಯುತ್ತಾರೆ. ಮೊದಲನೆಯದನ್ನು ಸ್ವಂತ ಬಾಯಿಂದ ದೃಢಪಡಿಸುವ ಬಯಕೆ ಇದ್ದರೆ ಅದಕ್ಕೆ ದೃಢೀಕರಣವಿದೆ, ಪಾಸ್ಕ ಜಾಗರಣೆಯಲ್ಲಿ (ಈಸ್ಟರ್ ಹಿಂದಿನ ರಾತ್ರಿಯ ಆರಾಧನೆ) ದೀಕ್ಷಾಸ್ನಾನದ ಪ್ರತಿಜ್ಞೆಯನ್ನು ನವೀಕರಿಸುವ ಕ್ರಮವಿದೆ.

ನಿರ್ಧರಿಸುವ ಮೊದಲು ಒಂದು ಕೆಲಸ ಮಾಡಿ. ದೀಕ್ಷಾಸ್ನಾನವಾದ ಚರ್ಚಿಗೆ ಬರೆದು ಪುಸ್ತಕದ ನಕಲು ತರಿಸಿಕೊಳ್ಳಿ. ನಿಮ್ಮ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನಪೋಷಕರು, ಕೊಟ್ಟವರ ಹೆಸರು, ತಾರೀಕು ಅದರಲ್ಲಿರುತ್ತವೆ. ಪುಸ್ತಕ ಕಳೆದಿದ್ದರೆ ಎದುರಿಗಿದ್ದ, ನಂಬಲರ್ಹರಾದ ಒಬ್ಬ ಸಾಕ್ಷಿಯ ಹೇಳಿಕೆ ಸಾಕು ಎಂದು ಕಥೋಲಿಕ ಕಾನೂನಿನ 876ನೇ ವಿಧಿ ಹೇಳುತ್ತದೆ. ಸಾಕ್ಷಿಯೂ ಇಲ್ಲ, ಸಂದೇಹವೂ ತೀರುತ್ತಿಲ್ಲ ಎಂದಾದರೆ ‘ನಿನಗೆ ದೀಕ್ಷಾಸ್ನಾನ ಆಗಿಲ್ಲದಿದ್ದರೆ, ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂದು ಷರತ್ತಿನ ಮೇಲೆ ಕೊಡುವ ಕ್ರಮ ಇದ್ದೇ ಇದೆ.